ನೋವು ಬೆರಳಲ್ಲಿ, ಗಂಟು ಕಂಕುಳಲ್ಲಿ

ಎಡ ಮೊಣಕೈಯನ್ನು ಅರ್ಧ ಮಡಚಿಕೊಳ್ಳಿ. ಬಲಗೈ ಬೆರಳಿನಿಂದ ಮೊಣಕೈಯ ಒಳಬದಿಯಲ್ಲಿ ಉಬ್ಬಿರುವ ಮೂಳೆಯನ್ನು ಮುಟ್ಟಿ. ಅದರ ಹಿಂದೆಯೇ ಒಂದು ತೋಡು ಸಿಗುತ್ತದೆ. ಅಲ್ಲಿ ಬೆರಳಾಡಿಸಿದರೆ ತೆಳ್ಳನೆಯ ಹುರಿಯೊಂದು ಜಾರುತ್ತದೆ. ಅದೇ ಅಲ್ನಾರ್ ನರ. ಮೆಲ್ಲಗೆ ತಟ್ಟಿ ನೋಡಿ. ತಟ್ಟಿದ್ದು ಮೊಣಕೈಯನ್ನು, ಕರೆಂಟು ಹೊಡೆದಂತೆ ಜುಮ್ಮೆಂದದ್ದು ಕಿರುಬೆರಳು.

ನರವನ್ನು ದಾರಿಯಲ್ಲಿ ಎಲ್ಲೇ ಮುಟ್ಟಿದರೂ ಅದು ತನ್ನ ತುದಿಯಲ್ಲಿ ಕೂಗುತ್ತದೆ. ಕತ್ತಿನ ಬುಡದಲ್ಲೋ ಕಂಕುಳಲ್ಲೋ ಗಡ್ಡೆಯೊಂದು ನರವನ್ನು ಒತ್ತುತ್ತಿದ್ದರೂ ರೋಗಿ ಕೈ ಚಾಚಿ ತೋರಿಸುವುದು ಬೆರಳನ್ನೇ. ನೋಡುವವರೂ ಬೆರಳನ್ನಷ್ಟೇ ನೋಡಿ ಮಾತ್ರೆ ಬರೆದುಕೊಟ್ಟರೆ ಗಡ್ಡೆಗೆ ಇನ್ನೂ ಆರು ತಿಂಗಳು ಬೆಳೆಯಲು ಸಮಯ ಸಿಗುತ್ತದೆ. ಅಪರೂಪದ ಈ ಗಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಅವುಗಳಿಂದ ಆಗುವ ಹಾನಿಗೆ ತಡವಾದ ಪತ್ತೆ ಒಂದು ಕಾರಣ, ಅವಸರದ ಕತ್ತರಿ ಇನ್ನೊಂದು ಕಾರಣ.

ಮೊದಲೇ ಒಂದು ಮಾತು ಹೇಳಿಬಿಡಬೇಕು. ತೋಳುನೋವು, ಜೋಮು ಎಂದು ಬರುವವರಲ್ಲಿ ಬಹುಪಾಲು ಮಂದಿಗೆ ಗಡ್ಡೆ ಇರುವುದಿಲ್ಲ. ಕತ್ತಿನ ಮೂಳೆಗಳ ಸವೆತ, ಜಾರಿದ ಡಿಸ್ಕ್, ಮಣಿಕಟ್ಟಿನಲ್ಲಿ ಮೀಡಿಯನ್ ನರ ಇಕ್ಕಟ್ಟಾಗುವ ಕಾರ್ಪಲ್ ಟನಲ್ ತೊಂದರೆ, ಭುಜದ ಬಿಗಿತ, ಸಕ್ಕರೆ ಕಾಯಿಲೆಯಿಂದ ಸೊರಗಿದ ನರಗಳು, ಇವೇ ಸಾಮಾನ್ಯ ಕಾರಣಗಳು. ಇವಕ್ಕೆಲ್ಲ ತಮ್ಮದೇ ಚಹರೆ ಇದೆ. ಕತ್ತಿನಿಂದ ಬಂದ ನೋವು ಕತ್ತು ತಿರುಗಿಸಿದಾಗ ಹೆಚ್ಚುತ್ತದೆ, ಕೈಯನ್ನು ಎತ್ತಿ ತಲೆಯ ಮೇಲಿಟ್ಟುಕೊಂಡರೆ ಹಲವರಿಗೆ ಹಗುರವಾಗುತ್ತದೆ. ಕಾರ್ಪಲ್ ಟನಲ್‌ನಲ್ಲಿ ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರ ಬೆರಳಿನ ಅರ್ಧ ಭಾಗ ಮರಗಟ್ಟುತ್ತವೆ. ನಡುರಾತ್ರಿ ಎಚ್ಚರವಾಗುತ್ತದೆ, ಕೈ ಕೊಡವಿದರೆ ಸರಿಹೋಗುತ್ತದೆ. ನೋವು ಈ ಚಹರೆಗಳಿಗೆ ಹೊಂದದಿದ್ದಾಗ, ಅಥವಾ ಹೊಂದಿದ್ದೂ ಸರಿಯಾದ ಚಿಕಿತ್ಸೆಗೆ ಜಗ್ಗದಿದ್ದಾಗ, ಗಡ್ಡೆಯ ಯೋಚನೆ ಬರಬೇಕು. ಮಣಿಕಟ್ಟಿನ ಆಪರೇಷನ್ ಆಗಿಯೂ ಜೋಮು ಹಾಗೇ ಉಳಿದಿದ್ದರೆ ನರದ ಮೇಲುದಾರಿಯನ್ನು ಮತ್ತೆ ನೋಡಲೇಬೇಕು.

ದಾರಿ ದೊಡ್ಡದು. ಕತ್ತಿನ ಐದನೆಯ ನರಬೇರಿನಿಂದ ಎದೆಯ ಮೊದಲನೆಯ ನರಬೇರಿನವರೆಗೆ ಒಟ್ಟು 5 ಬೇರುಗಳು ಬೆನ್ನುಮೂಳೆಯ ರಂಧ್ರಗಳಿಂದ ಹೊರಬಂದು, ಕತ್ತಿನ ಬದಿಯಲ್ಲಿ ಹೆಣೆದುಕೊಂಡು, ಕೊರಳೆಲುಬಿನ ಹಿಂದೆ ಇಳಿದು, ಮೊದಲ ಪಕ್ಕೆಲುಬಿನ ಮೇಲೆ ಹಾದು ಕಂಕುಳಿಗೆ ಬರುತ್ತವೆ. ಈ ಹೆಣಿಗೆಯೇ ಬ್ರೇಕಿಯಲ್ ಪ್ಲೆಕ್ಸಸ್, ಅಂದರೆ ತೋಳಿನ ನರಜಾಲ. ಅಲ್ಲಿಂದ ಮೀಡಿಯನ್, ಅಲ್ನಾರ್, ರೇಡಿಯಲ್ ಎಂಬ ಮೂರು ಮುಖ್ಯ ನರಗಳು ಕೈಗೆ ಇಳಿಯುತ್ತವೆ. ಈ ಉದ್ದಕ್ಕೂ ಎಲ್ಲಿ ಬೇಕಾದರೂ ಗಡ್ಡೆ ಹುಟ್ಟಬಹುದು: ನರದ ಒಳಗೇ ಹುಟ್ಟಬಹುದು, ಪಕ್ಕದ ಕೊಬ್ಬು, ಮೂಳೆ, ಶ್ವಾಸಕೋಶದಲ್ಲಿ ಹುಟ್ಟಿ ನರವನ್ನು ಒತ್ತಬಹುದು.

ಶ್ವಾನೋಮಾ: ನರದ ಹೊದಿಕೆಯ ಗಂಟು

ನರದೊಳಗೆ ಹುಟ್ಟುವ ಗಡ್ಡೆಗಳಲ್ಲಿ ಮೊದಲು ಹೇಳಬೇಕಾದದ್ದು ಶ್ವಾನೋಮಾ. ನರತಂತುಗಳಿಗೆ ಹೊದಿಕೆ ಕಟ್ಟುವ ಕೋಶಗಳಿಗೆ ಜರ್ಮನಿಯ ಥಿಯೋಡೋರ್ ಶ್ವಾನ್ ಅವರ ಹೆಸರಿದೆ. ಆ ಕೋಶಗಳಿಂದಲೇ ಬೆಳೆಯುವ ಗಡ್ಡೆ ಇದು. ಕ್ಯಾನ್ಸರ್ ಅಲ್ಲ. ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ತೆಳುವಾದ ಚೀಲದೊಳಗೆ ಕುಳಿತಿರುವುದರಿಂದ ನರತಂತುಗಳನ್ನು ಸೀಳುವುದಿಲ್ಲ, ಪಕ್ಕಕ್ಕೆ ತಳ್ಳುತ್ತದೆ. ಹೀಗಾಗಿ ಗಂಟು ದೊಡ್ಡದಾಗುವವರೆಗೂ ಕೈಯ ಶಕ್ತಿ ಚೆನ್ನಾಗಿಯೇ ಇರುತ್ತದೆ. ನರದಲ್ಲಿ ಸಂಕೇತ ಹೇಗೆ ಹರಿಯುತ್ತದೆಂದು ಅಳೆಯುವ ನರವಹನ ಪರೀಕ್ಷೆ ಮಾಡಿದರೂ ‘ನಾರ್ಮಲ್’ ಎಂದೇ ಬರಬಹುದು. ಆ ವರದಿಯನ್ನು ನಂಬಿ ಸುಮ್ಮನಾಗುವುದು ಮೊದಲ ತಪ್ಪು.

ಬೆರಳಿನಿಂದಲೇ ಬಹಳಷ್ಟು ತಿಳಿಯುತ್ತದೆ. ತೋಳಿನ ಒಳಬದಿಯಲ್ಲಿ ನರದ ದಾರಿಗುಂಟ ಗಂಟೊಂದು ಸಿಕ್ಕರೆ ಅದನ್ನು ಅಡ್ಡಡ್ಡವಾಗಿ ಆಡಿಸಿ ನೋಡಬೇಕು, ಆಮೇಲೆ ಮೇಲೆ ಕೆಳಗೆ. ನರದ ಗಂಟು ಅಡ್ಡಕ್ಕೆ ಸರಿಯುತ್ತದೆ, ಉದ್ದಕ್ಕೆ ಸರಿಯುವುದಿಲ್ಲ. ದಾರಕ್ಕೆ ಕಟ್ಟಿದ ಮಣಿಯಂತೆ ನರವೇ ಅದನ್ನು ಎರಡೂ ಕಡೆಯಿಂದ ಹಿಡಿದಿರುತ್ತದೆ. ಆಮೇಲೆ ಬೆರಳ ತುದಿಯಿಂದ ಗಂಟನ್ನು ತಟ್ಟಬೇಕು. ನರ ಹೋಗುವ ಬೆರಳುಗಳಿಗೆ ಕರೆಂಟು ಹರಿದಂತಾದರೆ ಅದು ಟಿನೆಲ್ ಚಿಹ್ನೆ. ಫ್ರಾನ್ಸಿನ ಜೂಲ್ಸ್ ಟಿನೆಲ್ ಇದನ್ನು 1915ರಲ್ಲಿ, ಮೊದಲ ಮಹಾಯುದ್ಧದಲ್ಲಿ ನರಕ್ಕೆ ಗಾಯವಾದ ಸೈನಿಕರನ್ನು ನೋಡುತ್ತಾ ಬರೆದರು. ಯಾವ ಯಂತ್ರವೂ ಬೇಡದ, ಅರ್ಧ ನಿಮಿಷದ ಪರೀಕ್ಷೆ. ಇದನ್ನು ಮಾಡದೆ ತೋಳಿನ ಯಾವ ಗಂಟಿಗೂ ಕತ್ತರಿ ಹಾಕಬಾರದು.

ಮಾಡದಿದ್ದರೆ ಏನಾಗುತ್ತದೆ? ತೋಳಿನಲ್ಲಿ ನೆಲ್ಲಿಕಾಯಿಯಷ್ಟು ಗಂಟು. ಕೊಬ್ಬಿನ ಗಂಟು, ಐದು ನಿಮಿಷದ ಕೆಲಸ ಎಂದು ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಮೈನರ್ ಓಟಿಯಲ್ಲಿ ಸೀಳುತ್ತಾರೆ. ಗಂಟು ಹಳದಿಯಾಗಿ ಹೊಳೆಯುತ್ತದೆ, ಎರಡು ತುದಿಯಲ್ಲೂ ‘ಬಳ್ಳಿ’ ಅಂಟಿಕೊಂಡಿರುತ್ತದೆ. ಅದನ್ನೂ ಕತ್ತರಿಸಿ ತೆಗೆದರೆ ಆಯಿತು, ಮೀಡಿಯನ್ ನರವೇ ತುಂಡಾಯಿತು. ಹೆಬ್ಬೆರಳು ಎದುರು ಬೆರಳಿಗೆ ತಾಗುವುದಿಲ್ಲ, ಗುಂಡಿ ಹಾಕಲು ಆಗುವುದಿಲ್ಲ, ಬಿಸಿ ತಟ್ಟೆ ಹಿಡಿದರೆ ಸುಟ್ಟದ್ದು ಗೊತ್ತಾಗುವುದಿಲ್ಲ. ಕ್ಯಾನ್ಸರ್ ಅಲ್ಲದ ಗಡ್ಡೆಗೆ ತೆತ್ತ ಬೆಲೆ ಇದು. ಕತ್ತಿನ ಬದಿಯಲ್ಲಿ ಗಂಟಾದಾಗ ಗೊಂದಲ ಇನ್ನೊಂದು ಬಗೆಯದು. ನಮ್ಮಲ್ಲಿ ಕ್ಷಯದ ಗ್ರಂಥಿಗಳು ಸಾಮಾನ್ಯವಾದ್ದರಿಂದ ಅದೂ ಕ್ಷಯವೇ ಇರಬೇಕೆಂದು ಸೂಜಿ ಚುಚ್ಚುತ್ತಾರೆ. ಸೂಜಿ ಒಳಗೆ ಹೋದೊಡನೆ ರೋಗಿ ತೋಳಿನುದ್ದಕ್ಕೂ ಮಿಂಚು ಹೊಡೆದಂತೆ ಕಿರುಚಿದರೆ ಸೂಜಿಯನ್ನು ಅಲ್ಲಿಗೇ ಹಿಂದೆಗೆದು ಸ್ಕ್ಯಾನ್ ಮಾಡಿಸಬೇಕು. ಆ ಕೂಗೇ ರೋಗಪತ್ತೆ.

ಸರಿಯಾದ ಆಪರೇಷನ್ ಹೇಗಿರುತ್ತದೆಂದು ರೋಗಿಗೂ ತಿಳಿದಿರಬೇಕು. ಸೂಕ್ಷ್ಮದರ್ಶಕ ಅಥವಾ ವರ್ಧಕ ಕನ್ನಡಕ, ನರವನ್ನು ಪ್ರಚೋದಿಸುವ ಉಪಕರಣ, ಇವೆರಡೂ ಬೇಕು. ಉಪಕರಣದ ಉತ್ತರ ಸ್ನಾಯು ಅದುರುವುದರಲ್ಲಿ ಸಿಗುವುದರಿಂದ, ದೀರ್ಘಕಾಲ ಸ್ನಾಯು ಸಡಿಲಿಸುವ ಔಷಧಿಯನ್ನು ಅರಿವಳಿಕೆ ವೈದ್ಯರು ಕೊಡಬಾರದು. ತೋಳಿಗೆ ಟೂರ್ನಿಕೆಟ್ ಪಟ್ಟಿ ಬಹಳ ಹೊತ್ತು ಬಿಗಿದಿದ್ದರೂ ಇದೇ ತೊಂದರೆ: ರಕ್ತವಿಲ್ಲದ ನರ ಕ್ರಮೇಣ ಉತ್ತರ ಕೊಡುವುದನ್ನೇ ನಿಲ್ಲಿಸುತ್ತದೆ, ಜೀವಂತ ತಂತು ಸತ್ತದ್ದರಂತೆ ಕಾಣುತ್ತದೆ. ಮೊದಲು ಗಂಟನ್ನು ಮುಟ್ಟುವುದಿಲ್ಲ. ಅದರ ಮೇಲೆ, ಕೆಳಗೆ ಆರೋಗ್ಯವಂತ ನರವನ್ನು ಬಿಡಿಸಿಕೊಂಡು ಮೃದುವಾದ ಪಟ್ಟಿ ಸುತ್ತಿ ಹಿಡಿಯುತ್ತಾರೆ. ಗಂಟಿನ ಮೇಲೆ ಹರಡಿಕೊಂಡ ತಂತುಕಟ್ಟುಗಳನ್ನು ಉಪಕರಣದಿಂದ ಒಂದೊಂದಾಗಿ ಮುಟ್ಟಿ ಗುರುತಿಸಿ, ಯಾವ ಕಟ್ಟೂ ಇಲ್ಲದ ಜಾಗದಲ್ಲಿ ನರದ ಉದ್ದಕ್ಕೆ ಹೊದಿಕೆಯನ್ನು ಸೀಳುತ್ತಾರೆ. ಅಡ್ಡ ಸೀಳಬಾರದು. ಪದರ ಪದರವಾಗಿ ಬಿಡಿಸಿ ಗಡ್ಡೆಯ ಸ್ವಂತ ಚೀಲ ಸಿಕ್ಕ ಮೇಲೆ, ಬಟಾಣಿ ಸಿಪ್ಪೆಯಿಂದ ಕಾಳು ಬಿಡಿಸಿದಂತೆ ಅದು ಹೊರಬರುತ್ತದೆ. ಕೊನೆಗೆ ಎರಡು ತುದಿಯಲ್ಲಿ ಗಡ್ಡೆ ಹುಟ್ಟಿದ ಒಂದು ತೆಳು ತಂತುಕಟ್ಟು ಮಾತ್ರ ಉಳಿಯುತ್ತದೆ. ಅದನ್ನು ಪ್ರಚೋದಿಸಿದಾಗ ಯಾವ ಸ್ನಾಯುವೂ ಅದುರದಿದ್ದರೆ ಮಾತ್ರ ಕತ್ತರಿಸುತ್ತಾರೆ. ಗಡ್ಡೆ ಸುಲಭವಾಗಿ ಬಿಡಿಸಿಕೊಂಡು ಬರದಿದ್ದರೆ ಎಳೆಯಬಾರದು. ಅದು ಶ್ವಾನೋಮಾ ಅಲ್ಲದಿರಬಹುದು, ಅಥವಾ ಇನ್ನೂ ತಪ್ಪು ಪದರದಲ್ಲಿದ್ದೇವೆ.

ಎಷ್ಟೇ ಜತನದಿಂದ ಮಾಡಿದರೂ ಕೆಲವರಿಗೆ ಆಪರೇಷನ್ ನಂತರ ಬೆರಳಲ್ಲಿ ಹೊಸ ಜೋಮು ಬರುತ್ತದೆ. ಹೆಚ್ಚಿನದು ಕೆಲವು ವಾರ ಅಥವಾ ತಿಂಗಳಲ್ಲಿ ಇಳಿಯುತ್ತದೆ. ಈ ಮಾತನ್ನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲೇ ಬಿಡಿಸಿ ಹೇಳಬೇಕು. ಪೂರ್ತಿ ತೆಗೆದ ಶ್ವಾನೋಮಾ ಮರಳಿ ಬರುವುದು ಅಪರೂಪ.

ಇಲ್ಲಿ ಕುಷ್ಠರೋಗದ ಮಾತು ಬರಲೇಬೇಕು. ಮೊಣಕೈ ಹಿಂದೆ ಅಲ್ನಾರ್ ನರ ದಪ್ಪವಾಗಿ, ಮುಟ್ಟಿದರೆ ನೋಯುತ್ತಿದ್ದರೆ ನಮ್ಮ ದೇಶದಲ್ಲಿ ಮೊದಲು ನೆನಪಾಗಬೇಕಾದದ್ದು ಗಡ್ಡೆಯಲ್ಲ, ಕುಷ್ಠ. ನರದೊಳಗೆ ಕೀವುಗಟ್ಟಿ ಗಂಟಾದಾಗ ಅದು ಥೇಟ್ ಗಡ್ಡೆಯಂತೆಯೇ ಕಾಣುತ್ತದೆ. ಗಡ್ಡೆಯಲ್ಲಿ ನರ ಒಂದೆಡೆ ಮಾತ್ರ ಉಬ್ಬಿರುತ್ತದೆ. ಕುಷ್ಠದಲ್ಲಿ ಉದ್ದಕ್ಕೂ ದಪ್ಪಗಾಗಿರುತ್ತದೆ, ಬೇರೆ ನರಗಳೂ ದಪ್ಪಗಾಗಿರಬಹುದು. ಮೈಮೇಲೆ ಸ್ಪರ್ಶಜ್ಞಾನವಿಲ್ಲದ ಮಚ್ಚೆ ಇದೆಯೇ ಎಂದು ಬೆನ್ನು, ಪೃಷ್ಠ ಸಮೇತ ಬಟ್ಟೆ ಸರಿಸಿ ನೋಡಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುವ ಬಹುಔಷಧ ಚಿಕಿತ್ಸೆಯಿಂದ ವಾಸಿಯಾಗುವ ಕಾಯಿಲೆಗೆ ಗಡ್ಡೆಯೆಂದು ಚಾಕು ಹಾಕುವಂತಾಗಬಾರದು.

ನ್ಯೂರೋಫೈಬ್ರೋಮಾ ಶ್ವಾನೋಮಾದ ದಾಯಾದಿ, ಆದರೆ ಗುಣ ಬೇರೆ. ಇದು ತಂತುಗಳ ನಡುವೆಯೇ ಹೊಸೆದುಕೊಂಡು ಬೆಳೆಯುವುದರಿಂದ ಬಿಡಿಸಿ ತೆಗೆಯುವುದು ಕಷ್ಟ. ಒಂದೇ ಒಂದು ಇರಬಹುದು, ಅಥವಾ ವಂಶವಾಹಿಯ ದೋಷದಿಂದ ಮೈತುಂಬ ಇರಬಹುದು. ಸುಮಾರು 3000 ಜನರಲ್ಲಿ ಒಬ್ಬರಿಗೆ ಈ ನ್ಯೂರೋಫೈಬ್ರೋಮಾಟೋಸಿಸ್ ಒಂದನೇ ಬಗೆ ಕಾಣುತ್ತದೆ. ಅದರ ಸುಳಿವು ಚರ್ಮದ ಮೇಲಿನ ಹಾಲುಕಾಫಿ ಬಣ್ಣದ ಮಚ್ಚೆಗಳು. ಮಕ್ಕಳಲ್ಲಿ 5 ಮಿ.ಮೀ.ಗಿಂತ, ಮೈನೆರೆದವರಲ್ಲಿ 15 ಮಿ.ಮೀ.ಗಿಂತ ದೊಡ್ಡ ಮಚ್ಚೆ 6 ಅಥವಾ ಹೆಚ್ಚು ಇದ್ದರೆ ತಜ್ಞರಿಗೆ ತೋರಿಸಬೇಕು. ಕಂಕುಳಲ್ಲಿ ಎಳ್ಳುಕಾಳಿನಂಥ ಚುಕ್ಕೆಗಳಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಎಲ್ಲ ಗಂಟನ್ನೂ ತೆಗೆಯುವುದು ಬೇಕಿಲ್ಲ, ಆಗುವುದೂ ಇಲ್ಲ. ಆದರೆ ಇವರಲ್ಲಿ ಒಂದು ಗಂಟು ಕ್ಯಾನ್ಸರಾಗಿ ತಿರುಗುವ ಅಪಾಯ ನಿಜವಾದದ್ದು. ಜೀವಮಾನದಲ್ಲಿ ನೂರಕ್ಕೆ ಸುಮಾರು 8ರಿಂದ 13 ಮಂದಿಗೆ ಹಾಗಾಗುತ್ತದೆ. ವರ್ಷಗಳಿಂದ ಸುಮ್ಮನಿದ್ದ ಗಂಟು ಕೆಲವೇ ತಿಂಗಳಲ್ಲಿ ದೊಡ್ಡದಾಯಿತೇ, ಕೈ ಆಡಿಸದೆ ಮಲಗಿದ್ದಾಗಲೂ ನೋಯುತ್ತಿದೆಯೇ, ಗಟ್ಟಿಯಾಗಿ ಅಂಟಿಕೊಂಡಿತೇ, ಹೊಸದಾಗಿ ಬಲ ಕುಂದಿತೇ: ಈ ನಾಲ್ಕರಲ್ಲಿ ಯಾವುದಿದ್ದರೂ ಮುಂದಿನ ತಪಾಸಣೆಯ ದಿನಕ್ಕೆ ಕಾಯಬಾರದು. ಆಗ ಚೂರು ತೆಗೆದು ಪರೀಕ್ಷಿಸುವುದು ಬೇಕಾಗುತ್ತದೆ. ಅದನ್ನು ಮುಂದೆ ಆಪರೇಷನ್ ಮಾಡುವ ತಂಡವೇ ಯೋಜಿಸಬೇಕು, ಏಕೆಂದರೆ ಸೂಜಿ ಹೋದ ದಾರಿಯನ್ನೂ ಕೊನೆಗೆ ಗಡ್ಡೆಯೊಂದಿಗೆ ತೆಗೆಯಬೇಕಾಗಬಹುದು.

ಪಕ್ಕದಿಂದ ಒತ್ತುವ ಗಡ್ಡೆಗಳು

ಚರ್ಮದಡಿಯ ಕೊಬ್ಬಿನ ಗಂಟು, ಅಂದರೆ ಲೈಪೋಮಾ, ಯಾರಿಗೂ ಹೊಸದಲ್ಲ. ಅದೇ ಲೈಪೋಮಾ ಮೊಣಕೈಯ ಕೆಳಗೆ, ಮುಂಗೈಯ ಎರಡು ಮೂಳೆಗಳಲ್ಲಿ ಒಂದಾದ ರೇಡಿಯಸ್‌ನ ಕತ್ತಿಗೆ ಅಂಟಿ ಸ್ನಾಯುಗಳ ಆಳದಲ್ಲಿ ಬೆಳೆದರೆ ಹೊರಗೆ ಏನೂ ಕಾಣುವುದಿಲ್ಲ. ರೇಡಿಯಲ್ ನರದ ಆಳದ ಕವಲು ಅಲ್ಲಿ ಸ್ನಾಯುವಿನ ಬಿಗಿ ಕಮಾನಿನಡಿ ನುಸುಳುತ್ತದೆ. ಕೆಳಗಿನಿಂದ ಕೊಬ್ಬು ಎತ್ತಿದಾಗ ನರಕ್ಕೆ ಸರಿಯಲು ಜಾಗವಿಲ್ಲ. ಬೆರಳುಗಳು ಬುಡದಿಂದ ನೇರವಾಗುವುದು ಒಂದೊಂದಾಗಿ ನಿಲ್ಲುತ್ತದೆ. ಮಣಿಕಟ್ಟನ್ನು ಎತ್ತಲು ಆಗುತ್ತದೆ, ಆದರೆ ಎತ್ತುವಾಗ ಅದು ಹೆಬ್ಬೆರಳ ಕಡೆಗೆ ವಾಲುತ್ತದೆ. ಜೋಮು ಇಲ್ಲವೇ ಇಲ್ಲ, ಚರ್ಮದ ಸ್ಪರ್ಶ ಪೂರ್ತಿ ಸರಿಯಾಗಿರುತ್ತದೆ. ಜೋಮಿಲ್ಲದ ಕಾರಣಕ್ಕೇ ನರದ ತೊಂದರೆಯೆಂದು ಹೊಳೆಯದೆ ಲಕ್ವವೆಂದೋ ಸ್ನಾಯುರಜ್ಜು ತುಂಡಾಗಿದೆಯೆಂದೋ ಚಿಕಿತ್ಸೆ ನಡೆಯುತ್ತದೆ. ಎಂಆರ್‌ಐನಲ್ಲಿ ಕೊಬ್ಬು ಸ್ಪಷ್ಟವಾಗಿ ಕಾಣುತ್ತದೆ. ಬೇಗ ತೆಗೆದರೆ ಬೆರಳು ಮತ್ತೆ ಏಳುತ್ತದೆ.

ಇಲ್ಲಿ ಒಂದು ಲೆಕ್ಕವಿದೆ. ನರತಂತು ಮರಳಿ ಬೆಳೆಯುವ ವೇಗ ದಿನಕ್ಕೆ ಸುಮಾರು 1 ಮಿ.ಮೀ. ಮೊಣಕೈಯಿಂದ ಅಂಗೈಯ ಸ್ನಾಯುವಿಗೆ 25 ಸೆಂ.ಮೀ. ದೂರವಿದ್ದರೆ 250 ದಿನ, ಎಂಟು ತಿಂಗಳಿಗೂ ಹೆಚ್ಚು. ನರದ ಸಂಪರ್ಕ ಪೂರ್ತಿ ತಪ್ಪಿದ ಸ್ನಾಯು 12ರಿಂದ 18 ತಿಂಗಳಲ್ಲಿ ಮರಳಲಾರದಷ್ಟು ಸೊರಗುತ್ತದೆ. ಒಂದು ವರ್ಷ ಮಾತ್ರೆಯಲ್ಲೇ ಕಳೆದರೆ ಲೆಕ್ಕ ಎಲ್ಲಿಗೆ ಬಂದು ನಿಲ್ಲುತ್ತದೆಂದು ನೀವೇ ಕೂಡಿಸಿ ನೋಡಿ.

ಅಂಗೈಯಲ್ಲಿ ಮೀಡಿಯನ್ ನರದೊಳಗೇ ಕೊಬ್ಬು, ನಾರು ತುಂಬಿಕೊಳ್ಳುವ ಇನ್ನೊಂದು ತೊಂದರೆಯಿದೆ. ಸಾಮಾನ್ಯವಾಗಿ ಎಳೆಯರಲ್ಲಿ ಕಾಣುತ್ತದೆ, ಕೆಲವರಿಗೆ ಒಂದೆರಡು ಬೆರಳು ಹುಟ್ಟಿನಿಂದಲೇ ದಪ್ಪವಾಗಿರುತ್ತವೆ. ಅದನ್ನು ಕೊರೆದು ತೆಗೆಯಲು ಹೋಗಬಾರದು, ನರವೇ ಹಾಳಾಗುತ್ತದೆ. ಮಣಿಕಟ್ಟಿನ ಬಿಗಿಪಟ್ಟಿಯನ್ನು ಸೀಳಿ ಜಾಗ ಮಾಡಿಕೊಟ್ಟರೆ ಸಾಕು.

ಉಗುರಿನಡಿಯ ಗ್ಲೋಮಸ್ ಗಡ್ಡೆ ಯಾವ ದೊಡ್ಡ ನರವನ್ನೂ ಒತ್ತುವುದಿಲ್ಲ. ಆದರೂ ಅದರ ನೋವು ತೋಳಿನವರೆಗೆ ಏರುವುದರಿಂದ ಇಲ್ಲಿ ಹೇಳಬೇಕು. ಕೆಲವೇ ಮಿ.ಮೀ. ಗಾತ್ರ. ತಣ್ಣೀರಿಗೆ ಕೈ ಹಾಕಿದರೆ ಜೀವ ಹೋಗುವಷ್ಟು ನೋವು. ಬೆಂಕಿಕಡ್ಡಿಯ ತುದಿಯಿಂದ ಉಗುರನ್ನು ಒತ್ತುತ್ತಾ ಹೋದರೆ ಒಂದೇ ಬಿಂದುವಿನಲ್ಲಿ ರೋಗಿ ಕೈ ಎಳೆದುಕೊಳ್ಳುತ್ತಾರೆ, ಪಕ್ಕದಲ್ಲಿ ಒತ್ತಿದರೆ ಏನೂ ಇಲ್ಲ. ತೋಳಿಗೆ ಬಿಪಿ ಪಟ್ಟಿ ಬಿಗಿದು ರಕ್ತ ನಿಲ್ಲಿಸಿ ಮತ್ತೆ ಒತ್ತಿದರೆ ನೋವು ಮಾಯ. ಉಗುರು ಎತ್ತಿ ಪೂರ್ತಿ ತೆಗೆದರೆ ನೋವು ಹೋಗುತ್ತದೆ, ಚೂರು ಉಳಿದರೆ ಮರಳುತ್ತದೆ. ಹೊರಗೆ ಏನೂ ಕಾಣದ ಈ ನೋವನ್ನು ಮನಸ್ಸಿನ ಕಾಯಿಲೆ ಎಂದು ತಳ್ಳಿಹಾಕುವುದು ಅನ್ಯಾಯ.

ಶ್ವಾಸಕೋಶದ ತುದಿಯಿಂದ ಬರುವ ತೋಳುನೋವು

ಇಷ್ಟು ಹೊತ್ತು ಹೇಳಿದವು ಹೆಚ್ಚಾಗಿ ನಿರಪಾಯದ ಗಡ್ಡೆಗಳು. ಇದು ಹಾಗಲ್ಲ. ಶ್ವಾಸಕೋಶದ ನೆತ್ತಿ ಮೊದಲ ಪಕ್ಕೆಲುಬಿಗಿಂತ ಮೇಲೇರಿ ಕತ್ತಿನ ಬುಡದಲ್ಲಿರುತ್ತದೆ, ನರಜಾಲದ ಕೆಳಗಿನ ಬೇರುಗಳು ಅದರ ಮೇಲೇ ಹಾಯುತ್ತವೆ. ಅಲ್ಲಿ ಕ್ಯಾನ್ಸರ್ ಹುಟ್ಟಿದರೆ ಕೆಮ್ಮು, ಕಫದಲ್ಲಿ ರಕ್ತ ಬರುವುದಕ್ಕೆ ಮೊದಲೇ ಭುಜ ನೋಯಲು ಶುರುವಾಗುತ್ತದೆ. ಅಮೆರಿಕದ ಫಿಲಡೆಲ್ಫಿಯಾದ ರೇಡಿಯಾಲಜಿ ತಜ್ಞ ಹೆನ್ರಿ ಪ್ಯಾಂಕೋಸ್ಟ್ 1924ರಲ್ಲೂ 1932ರಲ್ಲೂ ಇದನ್ನು ವಿವರಿಸಿದ್ದರಿಂದ ಅವರ ಹೆಸರೇ ನಿಂತಿತು. ಬೀಡಿ, ಸಿಗರೇಟು ಸೇದುವವರಲ್ಲಿ ಅಪಾಯ ಹೆಚ್ಚು. ಸೇದದವರಿಗೂ ಬರಬಹುದು.

ನೋವು ಭುಜದಿಂದ, ಹೆಗಲೆಲುಬಿನ ಒಳ ಅಂಚಿನಿಂದ ಹೊರಟು ತೋಳಿನ ಒಳಬದಿಗುಂಟ ಕಿರುಬೆರಳಿಗೆ ಇಳಿಯುತ್ತದೆ. ಹಗಲಿರುಳು ಬಿಡುವುದಿಲ್ಲ. ರೋಗಿ ಮೊಣಕೈಯನ್ನು ಇನ್ನೊಂದು ಕೈಯಲ್ಲಿ ಆತುಕೊಂಡೇ ಕೂರುತ್ತಾರೆ. ಇದನ್ನು ಅಲ್ನಾರ್ ನರದ ತೊಂದರೆಯಿಂದ ಬೇರ್ಪಡಿಸುವ ಎರಡು ಗುರುತುಗಳಿವೆ. ಮೊಣಕೈಯಲ್ಲಿ ಅಲ್ನಾರ್ ನರ ಒತ್ತಿದ್ದರೆ ಜೋಮು ಕಿರುಬೆರಳಿನಿಂದ ಮಣಿಕಟ್ಟಿನ ಗೆರೆಯವರೆಗೆ ಬಂದು ನಿಲ್ಲುತ್ತದೆ. ಅದನ್ನು ದಾಟಿ ಮುಂಗೈಯ ಒಳಬದಿಗೆ ಏರಿದರೆ ಒತ್ತಡ ಮೇಲೆಲ್ಲೋ ಇದೆ. ಅಲ್ನಾರ್ ನರದ ತೊಂದರೆಯಲ್ಲಿ ಅಂಗೈಯನ್ನು ಮೇಲ್ಮುಖವಾಗಿಟ್ಟು ಹೆಬ್ಬೆರಳನ್ನು ನೇರ ಮೇಲಕ್ಕೆ ಎತ್ತುವ ಬಲ ಉಳಿದಿರುತ್ತದೆ, ಅದು ಮೀಡಿಯನ್ ನರದ ಕೆಲಸ. ಕೆಳಬೇರುಗಳೇ ಒತ್ತಿದ್ದರೆ ಅದೂ ಕುಂದುತ್ತದೆ.

ಆಮೇಲೆ ಮುಖ ನೋಡಿ. ಅದೇ ಬದಿಯ ಕಣ್ಣರೆಪ್ಪೆ ಒಂದೆರಡು ಮಿ.ಮೀ. ಇಳಿದಿದೆಯೇ, ಪಾಪೆ ಚಿಕ್ಕದಾಗಿದೆಯೇ, ಆ ಅರ್ಧ ಮುಖ ಬೆವರುವುದಿಲ್ಲವೇ? ಇದು ಹಾರ್ನರ್ ಲಕ್ಷಣ. ಪಾಪೆಯ ವ್ಯತ್ಯಾಸ ಬೆಳಕಿನಲ್ಲಿ ತಪ್ಪಿಹೋಗುತ್ತದೆ, ದೀಪ ಆರಿಸಿ ಮಬ್ಬಿನಲ್ಲಿ ನೋಡಬೇಕು. ತೋಳುನೋವಿನ ಜೊತೆ ಹೀಗಿದ್ದರೆ ಫಿಸಿಯೋಥೆರಪಿ ಬರೆದುಕೊಡುವುದನ್ನು ನಿಲ್ಲಿಸಿ ಅದೇ ವಾರ ಎದೆಯ ಸಿಟಿ ಸ್ಕ್ಯಾನ್ ಮಾಡಿಸಬೇಕು.

ಎಕ್ಸ್‌ರೇ ಸಾಲದೇ? ಎದೆಯ ಸಾಮಾನ್ಯ ಎಕ್ಸ್‌ರೇಯಲ್ಲಿ ಈ ಜಾಗವನ್ನು ಕೊರಳೆಲುಬು, ಮೊದಲ ಪಕ್ಕೆಲುಬು ಮುಚ್ಚುತ್ತವೆ. ನೆತ್ತಿಯಲ್ಲಿ ಒಂದು ಬದಿಗೆ ಮಾತ್ರ ಟೋಪಿಯಂತೆ ಬಿಳಿ ಪಟ್ಟಿ ಕಂಡರೆ ಅದು ಹಳೆಯ ಕ್ಷಯದ ಕಲೆಯೆಂದು ಬಿಟ್ಟುಬಿಡುವ ರೂಢಿಯಿದೆ. ಕ್ಷಯ ಶ್ವಾಸಕೋಶದ ಮೇಲ್ಭಾಗವನ್ನೇ ಹಿಡಿಯುವುದರಿಂದ ಈ ತಪ್ಪು ಸಹಜ, ಆದರೆ ದುಬಾರಿ. ಚೂರು ಪರೀಕ್ಷೆಯಿಲ್ಲದೆ ಆರು ತಿಂಗಳು ಕ್ಷಯದ ಮಾತ್ರೆ ನುಂಗಿಸಿದರೆ ಗಡ್ಡೆ ಪಕ್ಕೆಲುಬು ತಿಂದು ಬೆನ್ನುಮೂಳೆ ಮುಟ್ಟಿರುತ್ತದೆ. ಸಿಟಿ ನೋಡಿಕೊಂಡು ಸೂಜಿಯಿಂದ ಚೂರು ತೆಗೆಯುತ್ತಾರೆ, ನರಬೇರುಗಳು ಎಷ್ಟು ಸಿಕ್ಕಿಹಾಕಿಕೊಂಡಿವೆ ಎಂಬುದನ್ನು ಎಂಆರ್‌ಐ ತೋರಿಸುತ್ತದೆ. ದೂರ ಹರಡದಿದ್ದರೆ ಕೀಮೋ ಮತ್ತು ರೇಡಿಯೇಶನ್ ಒಟ್ಟಿಗೆ ಕೊಟ್ಟು, ಗಡ್ಡೆ ಕುಗ್ಗಿದ ಮೇಲೆ ಆಪರೇಷನ್ ಮಾಡುವುದು ಇಂದಿನ ಕ್ರಮ. ಎದೆಯ ಮೊದಲ ನರಬೇರನ್ನು ಗಡ್ಡೆಯೊಂದಿಗೆ ಕತ್ತರಿಸಿದರೂ ಕೈ ಬಹುಮಟ್ಟಿಗೆ ಉಳಿಯುತ್ತದೆ. ಕತ್ತಿನ ಎಂಟನೆಯದೂ ಹೋದರೆ ಹಿಡಿತವೇ ಹೋಗುತ್ತದೆ. ಪತ್ತೆ ಎಷ್ಟು ಬೇಗ ಎಂಬುದರ ಅರ್ಥ ಇಲ್ಲಿ ಒಂದು ನರಬೇರಿನ ಅಂತರದಲ್ಲಿದೆ.

ಸ್ಕ್ಯಾನ್‌ಗೆ ಹೋಗುವ ಮೊದಲು

ಎಂಆರ್‌ಐ ದುಡ್ಡು ದಂಡವಾಗುವುದು ಜಾಗ ತಪ್ಪಿದಾಗ. ‘ಕತ್ತಿನ ಎಂಆರ್‌ಐ’ ಎಂದು ಬರೆದರೆ ಅವರು ಬೆನ್ನುಮೂಳೆಯನ್ನಷ್ಟೇ ತೆಗೆಯುತ್ತಾರೆ, ಕೊರಳೆಲುಬಿನ ಹಿಂದಿನ ನರಜಾಲ ಚಿತ್ರದೊಳಗೇ ಬರುವುದಿಲ್ಲ. ನಡುವಯಸ್ಸು ದಾಟಿದ ಬಹುಮಂದಿಗೆ ಕತ್ತಿನಲ್ಲಿ ಒಂದಿಷ್ಟು ಸವೆತ ಇದ್ದೇ ಇರುವುದರಿಂದ ವರದಿಯಲ್ಲಿ ಅದು ಬಂದು, ನೋವಿಗೆ ಅದೇ ಕಾರಣವೆಂದು ತೀರ್ಮಾನವಾಗಿಬಿಡುತ್ತದೆ. ಚೀಟಿಯಲ್ಲಿ ‘ಬ್ರೇಕಿಯಲ್ ಪ್ಲೆಕ್ಸಸ್’ ಎಂದೋ ‘ಮೊಣಕೈ ಕೆಳಗಿನ ಗಂಟು’ ಎಂದೋ ಬರೆಸಿ. ಕೈಗೆ ಸಿಗುವ ಗಂಟಾದರೆ ಅದರ ಮೇಲೆ ವಿಟಮಿನ್ ಇ ಮಾತ್ರೆಯೊಂದನ್ನು ಅಂಟಿಸಲು ಹೇಳಿ. ಎಣ್ಣೆ ತುಂಬಿದ ಆ ಮಾತ್ರೆ ಚಿತ್ರದಲ್ಲಿ ಬೆಳ್ಳಗೆ ಹೊಳೆದು ಜಾಗ ತೋರಿಸುತ್ತದೆ. ಗಡ್ಡೆಯ ಅನುಮಾನವಿದ್ದರೆ ಬಣ್ಣದ ಇಂಜೆಕ್ಷನ್ ಸಮೇತ ಮಾಡುತ್ತಾರೆ, ಅದಕ್ಕೆ ಮೊದಲು ಮೂತ್ರಪಿಂಡದ ಸ್ಥಿತಿ ತಿಳಿಸುವ ರಕ್ತದ ಕ್ರಿಯಾಟಿನಿನ್ ನೋಡಿರಬೇಕು. ಮುಂಗೈ, ಅಂಗೈಯ ಗಂಟುಗಳಿಗೆ ಪಳಗಿದ ಕೈಯ ಅಲ್ಟ್ರಾಸೌಂಡ್ ಕಡಿಮೆ ಖರ್ಚಿನಲ್ಲಿ ನರ ಗಂಟಿನೊಳಗೆ ಹೋಗಿ ಹೊರಬರುವುದನ್ನೇ ತೋರಿಸಬಲ್ಲದು.

ಆಪರೇಷನ್‌ಗೆ ಒಪ್ಪುವ ಮೊದಲು ಮೂರು ಪ್ರಶ್ನೆ ಕೇಳಿ. ಗಂಟು ಯಾವ ನರದ್ದು? ಸೂಕ್ಷ್ಮದರ್ಶಕ, ನರ ಪ್ರಚೋದಕ ನಿಮ್ಮಲ್ಲಿವೆಯೇ? ತೆಗೆದದ್ದನ್ನು ಪೆಥಾಲಜಿಗೆ ಕಳಿಸುತ್ತೀರಾ? ಮೂರನೆಯದಕ್ಕೆ ಹೌದು ಎನ್ನದ ಕಡೆ ಯಾವ ಗಂಟನ್ನೂ ತೆಗೆಸಿಕೊಳ್ಳಬೇಡಿ.

ಎಣ್ಣೆ ಹಚ್ಚಿ ನೀವಿಸಿದರೆ ಗಂಟು ಕರಗುತ್ತದೆಯೇ ಎಂದು ಕೇಳುವವರಿದ್ದಾರೆ. ಕರಗುವುದಿಲ್ಲ. ಈಗಾಗಲೇ ಒತ್ತಿದ ನರವನ್ನು ಇನ್ನಷ್ಟು ಒತ್ತಿದಂತಾಗುತ್ತದೆ. ಗ್ಯಾಬಾಪೆಂಟಿನ್, ಪ್ರೆಗಾಬಾಲಿನ್ ಮಾತ್ರೆಗಳು ನೋವನ್ನು ತಗ್ಗಿಸುತ್ತವೆ, ಅದು ಬೇಕೂ ಹೌದು. ಆದರೆ ನೋವು ಇಳಿಯಿತೆಂದು ಹುಡುಕಾಟ ನಿಲ್ಲಬಾರದು. ಗಂಟಿದೆ, ನೋವಿಲ್ಲ, ಬಲವೂ ಸರಿಯಿದೆ, ಎಂಆರ್‌ಐ ನಿಚ್ಚಳವಾಗಿ ಶ್ವಾನೋಮಾ ಎನ್ನುತ್ತದೆ ಎಂದಾದರೆ ಆಪರೇಷನ್‌ಗೆ ಅವಸರವಿಲ್ಲ. ಆರು ತಿಂಗಳು ಅಥವಾ ವರ್ಷಕ್ಕೊಮ್ಮೆ ಅಳೆದು ನೋಡಿದರೆ ಸಾಕು. ಅಳತೆಯನ್ನು ಮಿ.ಮೀ. ಲೆಕ್ಕದಲ್ಲಿ ತಾರೀಕಿನ ಸಮೇತ ಬರೆದಿಟ್ಟುಕೊಳ್ಳಿ, ಹಳೆಯ ಫಿಲ್ಮು, ಸಿ.ಡಿ.ಗಳನ್ನು ಎಸೆಯಬೇಡಿ. ಗಂಟು ಬೆಳೆದಿದೆಯೇ ಇಲ್ಲವೇ ಎಂಬುದು ಹೊಸ ಚಿತ್ರವನ್ನು ಹಳೆಯದರ ಪಕ್ಕದಲ್ಲಿಟ್ಟಾಗಲೇ ಗೊತ್ತಾಗುವುದು.